ಕರುವಿನ ಮೇಲಿನ ಗೆರೆ

ರೈಲು ಬರಲು ಇನ್ನೂ ಇಪ್ಪತ್ತೈದು ನಿಮಿಷವಿತ್ತು. ಡಬ್ಲಿನ್ನಿನ ಹ್ಯೂಸ್ಟನ್ ನಿಲ್ದಾಣದ ಎತ್ತರದ ಮಾಡಿನ ಕೆಳಗೆ ಬೆಂಚಿನ ತುದಿಯಲ್ಲಿ ಕೂತಿದ್ದ ಮ್ಯಾಲಕಿ ಟೂಹಿ, ಹೂವು ಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸಲಾಗದೆ ಎದುರಿನ ಹೂವಿನ ಅಂಗಡಿಯನ್ನೇ ನೋಡುತ್ತಿದ್ದ. ಸತ್ತ ಮಗಳ ಪದಕವನ್ನು ತೆಗೆದುಕೊಳ್ಳಲು ಕೆರ್ರಿಯಿಂದ ಬರುತ್ತಿರುವ ತಾಯಿಯ ಕೈಗೆ ಹೂವು ಕೊಟ್ಟರೆ ಅದು ಅಭಿನಂದನೆಯಾಗುತ್ತದೋ ಸಂತಾಪವಾಗುತ್ತದೋ. ಕೊಡದೆ ಬರಿಗೈಯಲ್ಲಿ ನಿಂತರೆ ಆಕೆ ತನ್ನನ್ನು ಹೇಗೆ ನೋಡಿಯಾಳು. ಅರವತ್ತೆರಡು ವರ್ಷವಾಯಿತು. ಅದರಲ್ಲಿ ಮೂವತ್ತೈದು ವರ್ಷ ಸಾವಿರ ವರ್ಷದ ಹಿಂದಿನ ಐರಿಷ್ ಕಾನೂನಿನ ತೊಗಲ ಹಾಳೆಗಳ ಮೇಲೆ ಬಾಗಿಯೇ ಕಳೆದುಹೋಯಿತು. ಆ ಕಾನೂನಿನಲ್ಲಾದರೆ ಇಂಥ ಸಂಕಟಕ್ಕೆಲ್ಲ ಒಂದು ಕಟ್ಟಳೆ ಇರುತ್ತಿತ್ತು. ಯಾರು ಯಾರ ಮನೆಗೆ ಎಷ್ಟು ಜನರನ್ನು ಕರೆದುಕೊಂಡು ಹೋಗಬಹುದು, ಯಾರ ಗಂಜಿಗೆ ಬೆಣ್ಣೆ ಹಾಕಬೇಕು, ಯಾರ ಗಂಜಿಗೆ ಮಜ್ಜಿಗೆ ಸಾಕು, ಎಲ್ಲ ಬರೆದಿಟ್ಟಿದ್ದರು. ಅವನು ಎದ್ದು ಅಂಗಡಿಯವರೆಗೂ ಹೋದ. ಬಕೆಟ್ಟಿನಲ್ಲಿ ನಿಂತ ಬಿಳಿ ಹೂಗಳನ್ನು ಕಂಡ ಕೂಡಲೇ ಹೋದ ವರ್ಷದ ಫೆಬ್ರವರಿಯ ಆ ಚರ್ಚು, ಒದ್ದೆ ಕೋಟುಗಳ ವಾಸನೆ, ಸಾಲಿನಲ್ಲಿ ನಿಂತು ತಾಯಿಯ ಕೈ ಹಿಡಿದಾಗ ಆಕೆ ತಾನಾಗಿ ಹೇಳಿದ ಮಾತು ನೆನಪಾಯಿತು. ಎಲ್ಲರೂ ಆಕೆಗೆ ಸಮಾಧಾನ ಹೇಳುತ್ತಿದ್ದರೆ ಆಕೆ ಅವನಿಗೆ ಹೇಳಿದ್ದಳು: "ನೀವು ಅಷ್ಟು ದೂರದಿಂದ ಬಂದ್ರಲ್ಲ ಪ್ರೊಫೆಸರ್, ಅವ್ಳು ನಿಮ್ಮ ಹೆಸ್ರು ದಿನಾ ಹೇಳ್ತಿದ್ಲು." ಅವನು ಹೂವು ಕೊಳ್ಳದೆ ವಾಪಸು ಬಂದು ಕೂತ.

ಡರ್ವ್ಲಾ ಮಲ್ವಿಹಿಲ್ ತನ್ನ ಪ್ರಬಂಧದ ಕೊನೆಯ ಅಧ್ಯಾಯವನ್ನು ಅವನಿಗೆ ಕಳಿಸಿದ್ದು ಅದರ ಹಿಂದಿನ ಸೆಪ್ಟೆಂಬರಿನಲ್ಲಿ. ಐವತ್ತೆಂಟು ಪುಟ. ಮೊದಲ ನಾಲ್ಕು ಅಧ್ಯಾಯಗಳನ್ನು ಅವನು ಪೆನ್ಸಿಲ್ ಹಿಡಿದು ಸಾಲುಸಾಲಾಗಿ ಓದಿದ್ದ. ಬೇಲಿ ದಾಟುವ ದನಗಳ ಕಾನೂನು ಅದು. ಪಕ್ಕದವನ ಹೊಲಕ್ಕೆ ನುಗ್ಗಿದ ಹಸುವಿಗೆ ಯಾರು ಹೊಣೆ, ಬೇಲಿ ಎಷ್ಟು ಎತ್ತರವಿರಬೇಕು, ಹಗಲು ನುಗ್ಗಿದರೆ ಏನು, ಬೆಳಗಿನ ಜಾವ ನುಗ್ಗಿದರೆ ಏನು. ಮೂರನೆಯ ಅಧ್ಯಾಯದ ಒಂದು ಅಡಿಟಿಪ್ಪಣಿಯಲ್ಲಿ ಅವಳು ಅವನದೇ ಹಳೆಯ ಲೇಖನವೊಂದನ್ನು, ಅವನು ತನ್ನ ಹೆಸರಿನೊಂದಿಗೆ ಸೇರಿಸಿಯೇ ನೆನೆಯುತ್ತಿದ್ದ ಒಂದೇ ಒಂದು ಲೇಖನವನ್ನು, ತುಂಬ ಮರ್ಯಾದೆಯಿಂದ ಪಕ್ಕಕ್ಕೆ ಸರಿಸಿದ್ದಳು. ಅವನು ಅದಕ್ಕೆ ಅಂಚಿನಲ್ಲಿ "ಸರಿ" ಎಂದು ಬರೆದಿದ್ದ. ಬರೆಯುವಾಗ ಪೆನ್ಸಿಲಿನ ಮೊನೆ ಮುರಿದಿತ್ತು. ಕೊನೆಯ ಅಧ್ಯಾಯ ಬಂದಾಗ ವಿಭಾಗದಲ್ಲಿ ಯಾವುದೋ ಸಮಿತಿ ಇತ್ತು, ಆಮೇಲೆ ಹಲ್ಲುನೋವು ಇತ್ತು, ಆಮೇಲೆ ಅವಳಿಗೆ ರಕ್ತದ ಕಾಯಿಲೆ ಎಂಬ ಸುದ್ದಿ ಬಂತು. ಸುದ್ದಿ ಬಂದ ಮೇಲೆ ಆ ಪುಟಗಳನ್ನು ಮುಟ್ಟುವುದೇ ಕಷ್ಟವಾಯಿತು. ಮುಗಿಸಿದರೆ ಏನೋ ಒಂದು ಮುಗಿದುಹೋಗುತ್ತದೆ ಎನ್ನುವಂತೆ. ಹೀಗೆಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಹೇಳಿಕೊಳ್ಳುವಾಗಲೇ ಇದು ಸ್ವಲ್ಪ ಹೆಚ್ಚು ಚೆನ್ನಾಗಿದೆ, ನಿಜ ಇಷ್ಟು ಚೆನ್ನಾಗಿರುವುದಿಲ್ಲ ಎಂದೂ ಅನಿಸಿತ್ತು. ಅಕ್ಟೋಬರಿನಲ್ಲಿ ಅವಳು ಆಸ್ಪತ್ರೆಯಿಂದ ಫೋನು ಮಾಡಿದಳು. "ಮ್ಯಾಲಕಿ, ಅದು ಓದೋಕೆ ಆಯ್ತಾ?" ಎಂದು ಕೇಳಿದಳು. ಅವಳ ಹಿಂದೆ ಯಾರೋ ತಳ್ಳುಗಾಡಿ ತಳ್ಳುತ್ತಿದ್ದರು. "ಓದಿದೆ, ಓದಿದೆ, ತುಂಬಾ ಚೆನ್ನಾಗಿದೆ" ಎಂದ. ಅಷ್ಟು ಸಾಲದೆನಿಸಿ ಅವನೇ, "ಎರಡು ಸಣ್ಣ ಮಾತು ಇದೆ, ಸಿಕ್ಕಾಗ ಹೇಳ್ತೀನಿ" ಎಂದ. "ಯಾವುದು?" "ಸಿಕ್ಕಾಗ. ಫೋನಲ್ಲಿ ಬೇಡ. ಮೊದಲು ಎದ್ದು ಓಡಾಡು." ಅವಳು ನಕ್ಕಳು. ಆ ನಗುವಿನಲ್ಲಿ ನಿಜವಾಗಿ ಸಂತೋಷವಿತ್ತು. ಆಮೇಲೆ ಅವಳು ಎದ್ದು ಓಡಾಡಲಿಲ್ಲ.

ಕ್ಯಾನನ್ ಟ್ರೇನರ್ ಪದಕಕ್ಕೆ ಅವಳ ಪ್ರಬಂಧವನ್ನು ಕಳಿಸಿದವನು ಅವನೇ. ಮಧ್ಯಯುಗದ ಐರ್ಲೆಂಡನ್ನು ಕುರಿತ ಮೊದಲ ಸಂಶೋಧನೆಗೆ ಎರಡು ವರ್ಷಕ್ಕೊಮ್ಮೆ ಕೊಡುವ ಪದಕ ಅದು. ಒಬ್ಬ ಹಳ್ಳಿ ಪಾದ್ರಿ ತನ್ನ ಆಸ್ತಿಯನ್ನೆಲ್ಲ ಅದಕ್ಕೆ ಬರೆದಿಟ್ಟು ಹೋಗಿದ್ದ. ಪದಕ ಬಂದವರಿಗೆ ಎಲ್ಲಾದರೂ ಒಂದು ಹುದ್ದೆ ಸಿಗುತ್ತಿತ್ತು. ಮೂವತ್ತು ವರ್ಷಗಳ ಹಿಂದೆ ಅದು ಟೂಹಿಗೇ ಬಂದಿತ್ತು, ಹುದ್ದೆಯೂ ಸಿಕ್ಕಿತ್ತು. ಆಗ ಎಲ್ಲರೂ ನಿರೀಕ್ಷಿಸಿದ್ದ ಅವನ ದೊಡ್ಡ ಪುಸ್ತಕ ಮಾತ್ರ ಬರಲೇ ಇಲ್ಲ. ತೀರಿಕೊಂಡವರಿಗೆ ಕೊಡಬಹುದೇ ಎಂದು ತೀರ್ಪುಗಾರರಲ್ಲಿ ಚರ್ಚೆಯಾಯಿತಂತೆ. ಕೊಡಬಾರದೆಂದು ಪಾದ್ರಿ ಎಲ್ಲೂ ಬರೆದಿರಲಿಲ್ಲ. ಶಿಫಾರಸು ಪತ್ರದಲ್ಲಿ ಟೂಹಿ ಬರೆದ: ಕೊನೆಯ ಅಧ್ಯಾಯವೇ ಈ ಪ್ರಬಂಧದ ಕಳಶ. ಆ ಸಾಲನ್ನು ಎರಡು ಸಲ ಓದಿ ನೋಡಿದ್ದ. ಓದದೇ ಇದ್ದ ಐವತ್ತೆಂಟು ಪುಟಗಳ ಬಗ್ಗೆ ಇಷ್ಟು ಒಳ್ಳೆಯ ಸಾಲು ತನ್ನಿಂದ ಹೇಗೆ ಬಂತೆಂದು ಅವನಿಗೇ ಆಶ್ಚರ್ಯವಾಗಿತ್ತು.

ಕನ್ಸೆಪ್ಟಾ ಮಲ್ವಿಹಿಲ್ ರೈಲಿನಿಂದ ಇಳಿದಾಗ ಅವನಿಗೆ ಆಕೆಯ ಗುರುತು ಹತ್ತಲಿಲ್ಲ. ಚರ್ಚಿನಲ್ಲಿ ಕಂಡದ್ದು ಕಪ್ಪು ಕೋಟಿನ ಒಂದು ದೊಡ್ಡ ಆಕಾರ. ಇಲ್ಲಿ ಗಿಡ್ಡನೆಯ, ಅಗಲ ಭುಜದ, ಹೊಸ ನೀಲಿ ಜಾಕೀಟು ತೊಟ್ಟ ಹೆಂಗಸು ಗಟ್ಟಿ ಹೆಜ್ಜೆಯಿಟ್ಟು ನೇರ ಅವನ ಕಡೆಗೇ ಬಂದಳು. ತನ್ನ ಊರಿನ ಮಾರ್ಟಿನಲ್ಲಿ, ಎಂದರೆ ದನದ ಸಂತೆಯಲ್ಲಿ, ಹರಾಜು ನಡೆಯುವ ದಿನ, ಇನ್ನೂರು ರೈತರಿಗೆ ಉಪ್ಪುಹಂದಿ, ಕೋಸು, ಆಲೂಗಡ್ಡೆ ಬೇಯಿಸಿ ಬಡಿಸುವವಳು ಆಕೆ. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಕೈ ಕುಲುಕಿದಾಗ ಆ ಕೈಯ ಬಿಸಿ, ಒರಟುತನ ಅವನ ಅಂಗೈಯಲ್ಲಿ ಒಂದು ಗಳಿಗೆ ಉಳಿಯಿತು.

"ನೀವು ಸೊರಗಿದೀರಿ" ಎಂದಳು ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ. "ಮನೇಲಿ ಅಡುಗೆ ಮಾಡೋರು ಯಾರೂ ಇಲ್ವಾ?"

"ನಾನೇ ಮಾಡ್ಕೋತೀನಿ, ಮಿಸೆಸ್ ಮಲ್ವಿಹಿಲ್."

"ಅದಕ್ಕೇ ಮತ್ತೆ."

ಸಮಾರಂಭ ಮೂರು ಗಂಟೆಗೆ. ಅವನು ಆಕೆಯನ್ನು ಸಭಾಂಗಣದ ಹತ್ತಿರದ ಒಂದು ಸಣ್ಣ ಹೋಟೆಲಿಗೆ ಊಟಕ್ಕೆ ಕರೆದೊಯ್ದ. ದಾರಿಯಲ್ಲಿ ಟ್ರ್ಯಾಮಿನ ಕಿಟಕಿಯಲ್ಲಿ ಲಿಫಿ ನದಿ ಮೇ ತಿಂಗಳ ಬಿಸಿಲಿಗೆ ಹೊಳೆಯುತ್ತಿತ್ತು. ಆಕೆ ಅದನ್ನು ನೋಡಲಿಲ್ಲ, ಎದುರು ಕೂತ ಜನರ ಶೂಗಳನ್ನು ನೋಡುತ್ತಿದ್ದಳು. ಹೋಟೆಲಿನಲ್ಲಿ ಸೂಪು, ಕಂದು ಬ್ರೆಡ್ಡು ಬಂತು. ಆಕೆ ಬ್ರೆಡ್ಡನ್ನು ಮುರಿದು ಮೂಸಿ ನೋಡಿ, "ನಿನ್ನೇದು" ಎಂದು ಮೆಲ್ಲಗೆ ಹೇಳಿ, ಆದರೂ ಬೆಣ್ಣೆ ಹಚ್ಚಿದಳು. ಅವನಿಗೆ ನಗು ಬಂತು. ಎಲ್ಲ ಸುಲಭವಾಗಿ ನಡೆದುಹೋಗಬಹುದು ಅನ್ನಿಸಿತು. ಆಗಲೇ ಆಕೆ ಚಮಚ ಕೆಳಗಿಟ್ಟಳು.

"ಪ್ರೊಫೆಸರ್, ಒಂದು ಕೇಳ್ಲಾ? ಅಲ್ಲಿ ಸಭೇಲಿ ಅವ್ರು ದೊಡ್ಡ ದೊಡ್ಡ ಮಾತಾಡ್ತಾರೆ, ನಂಗೆ ತಿಳಿಯೋದಿಲ್ಲ. ನೀವು ಸುಮ್ನೆ ನಮ್ಮ ಭಾಷೇಲಿ ಹೇಳಿ. ಆ ಕೊನೇ ಅಧ್ಯಾಯ ಅಂತಾಳಲ್ಲ, ಅದ್ರಲ್ಲಿ ಅವ್ಳು ಏನು ಬರ್ದಿದಾಳೆ?"

ಅವನು ನೀರು ಕುಡಿದ. ಈಗ ಹೇಳಬಹುದಿತ್ತು. ಅದು ಒಂದೇ ಸಾಲಿನ ಮಾತು: ನಾನು ಓದಿಲ್ಲ. ಆ ಸಾಲು ಅವನ ನಾಲಿಗೆಯವರೆಗೂ ಬಂತು. ಎದುರಿಗೆ ಆಕೆಯ ಹೊಸ ನೀಲಿ ಜಾಕೀಟು, ಅದರ ತೋಳಿನ ಒಳಗೆ ಕೀಳಲು ಮರೆತ ಒಂದು ಚೀಟಿಯ ತುದಿ. ಈ ದಿನಕ್ಕೆಂದು ಕೊಂಡ ಜಾಕೀಟು. ಇವತ್ತು ಬೇಡ, ಇವತ್ತೊಂದು ದಿನ ಆಕೆಯದಾಗಿರಲಿ ಎಂದುಕೊಂಡ. ಹಾಗೆ ಅಂದುಕೊಂಡದ್ದು ಆಕೆಗಾಗಿಯೋ ತನಗಾಗಿಯೋ ಎಂದು ಅವನು ಕೇಳಿಕೊಳ್ಳಲಿಲ್ಲ. ಮೊದಲ ನಾಲ್ಕು ಅಧ್ಯಾಯಗಳು ಚೆನ್ನಾಗಿ ಗೊತ್ತಿದ್ದವು. ಅವು ಸಾಗುತ್ತಿದ್ದ ದಿಕ್ಕು ಹಿಡಿದು ಐದನೆಯದನ್ನು ಊಹಿಸುವುದು ಮೂವತ್ತು ವರ್ಷ ಪಾಠ ಹೇಳಿದವನಿಗೆ ಎಷ್ಟರದು. ಅವನು ಹೇಳತೊಡಗಿದ. ಆ ಕಾಲದ ಜನ ಒಬ್ಬರಿಗೊಬ್ಬರು ಮಾತು ಕೊಟ್ಟು ಬೇಲಿ ಹಾಕಿಕೊಳ್ಳುತ್ತಿದ್ದುದು, ಬೇಲಿ ಎಂದರೆ ಬರೀ ಕಲ್ಲು ಮುಳ್ಳು ಅಲ್ಲ, ನೆರೆಯವರ ನಡುವಿನ ನಂಬಿಕೆ ಎಂದು ಡರ್ವ್ಲಾ ತೋರಿಸಿಕೊಟ್ಟದ್ದು. ಹೇಳುತ್ತ ಹೇಳುತ್ತ ಅವನ ದನಿ ತರಗತಿಯ ದನಿಯಾಯಿತು. ಚೆನ್ನಾಗಿ ಬರುತ್ತಿದೆ ಎಂದು ಅವನಿಗೇ ಅನಿಸಿತು.

ಆಕೆ ಗಮನವಿಟ್ಟು ಕೇಳಿದಳು. "ಮತ್ತೆ ಆ ಹಸು?"

"ಯಾವ ಹಸು?"

"ಬೇಲಿ ಮುರಿದು ಹೋಗ್ತದಲ್ಲ, ಆ ಹಸು. ಅದು ಯಾಕೆ ಹೋಯ್ತು ಅಂತ ಬರ್ದಿದಾಳೆ?"

"ಹುಲ್ಲಿಗೆ" ಎಂದ ಟೂಹಿ. "ಪಕ್ಕದ ಹೊಲದಲ್ಲಿ ಹುಲ್ಲು ಚೆನ್ನಾಗಿತ್ತು. ಹಸಿವು. ಅಲ್ಲಿ ಒಳ್ಳೆ ಸೂಕ್ಷ್ಮ ಇದೆ, ಮಿಸೆಸ್ ಮಲ್ವಿಹಿಲ್, ಹಸಿದ ದನಕ್ಕೆ ಬೇರೆ ನ್ಯಾಯ, ಹೊಟ್ಟೆ ತುಂಬಿದ ದನಕ್ಕೆ ಬೇರೆ."

"ಹುಲ್ಲಿಗಾ" ಎಂದಳು ಆಕೆ.

ಅಷ್ಟೇ. ಚಮಚ ಎತ್ತಿಕೊಂಡು ಸೂಪು ಕುಡಿಯತೊಡಗಿದಳು. ಬಟ್ಟಲಿನ ತಳ ಕಾಣುವವರೆಗೂ ಕುಡಿದಳು. ಆಮೇಲೆ ಅವನ ಬ್ರೆಡ್ಡು ಉಳಿದಿರುವುದನ್ನು ನೋಡಿ, "ತಿನ್ನಿ, ಬಿಡಬೇಡಿ" ಎಂದಳು. ಅವನು ತಿಂದ. ಆ ಒಂದು ಪದ ಆಕೆಯ ಬಾಯಲ್ಲಿ ಪ್ರಶ್ನೆಯ ಹಾಗೂ ಇರಲಿಲ್ಲ, ಒಪ್ಪಿಗೆಯ ಹಾಗೂ ಇರಲಿಲ್ಲ ಎಂದು ಅವನಿಗೆ ಹೊಳೆದದ್ದು ರಸ್ತೆ ದಾಟುವಾಗ. ಆಗ ಆಕೆ ಅವನ ಮೊಣಕೈ ಹಿಡಿದುಕೊಂಡಿದ್ದಳು. ಆಸರೆಗೆ ಹಿಡಿದಳೋ, ಅವನು ಬಸ್ಸಿಗೆ ಅಡ್ಡ ಹೋಗದಿರಲೆಂದು ಹಿಡಿದಳೋ ತಿಳಿಯಲಿಲ್ಲ.

ಸಭಾಂಗಣದಲ್ಲಿ ಅರವತ್ತು ಕುರ್ಚಿ, ನಲವತ್ತು ಜನ. ಬಾಗಿಲಲ್ಲೇ ಐಟಾ ಕ್ವಿಲಿಗನ್ ಸಿಕ್ಕಳು. ತೀರ್ಪುಗಾರರ ಅಧ್ಯಕ್ಷೆ. ಸಂತರ ಚರಿತ್ರೆಗಳ ವಿಷಯದಲ್ಲಿ ಅವಳ ಮಾತೇ ಕೊನೆ. ಟೂಹಿಯ ಜೊತೆಗೇ ಓದಿದವಳು, ಅವನು ಪದಕ ಗೆದ್ದ ವರ್ಷ ಸೋತವಳು, ಆಮೇಲೆ ಏಳು ಪುಸ್ತಕ ಬರೆದವಳು. ತಾಯಿಯ ಎರಡೂ ಕೈ ಹಿಡಿದು ಏನೋ ಹೇಳಿ ಮುಂದಿನ ಸಾಲಿಗೆ ಕಳಿಸಿ, ಟೂಹಿಯನ್ನು ಪಕ್ಕಕ್ಕೆ ಎಳೆದಳು.

"ನಿನ್ನ ಮೇಲೆ ನಂಗೆ ಹೊಟ್ಟೆಕಿಚ್ಚು ಕಣೋ" ಎಂದಳು. "ಕೊನೇ ಅಧ್ಯಾಯ ಓದಿ ಎರಡು ದಿನ ನಾನು ಬೇರೆ ಏನೂ ಓದಿಲ್ಲ. ನಿನಗಂತೂ ಅದರ ಅರ್ಧದಷ್ಟು ಬರೆಯೋಕೆ ಬರಲ್ಲ, ನಿನ್ನ ಶಿಷ್ಯೆ ಹೇಗೆ ಬರೆದಳು?"

"ನಾನು ಅಡ್ಡ ಬರಲಿಲ್ಲ, ಅದಕ್ಕೇ."

"ಅದೊಂದು ನೀನು ಚೆನ್ನಾಗಿ ಮಾಡ್ತೀಯ" ಎಂದು ಐಟಾ ನಕ್ಕು ವೇದಿಕೆಯ ಕಡೆ ಹೋದಳು. ಹಳೆಯ ಸಲುಗೆಯ ಚುಚ್ಚುಮಾತು. ಬೇರೆ ದಿನವಾಗಿದ್ದರೆ ಅವನು ಮನೆಗೆ ಹೋಗುವವರೆಗೂ ಅದಕ್ಕೊಂದು ಉತ್ತರ ಹುಡುಕುತ್ತಿದ್ದ. ಇವತ್ತು ಅದು ನೇರ ಒಳಗಿಳಿದು ಸುಮ್ಮನೆ ಕೂತಿತು. ಅವನು ಮುಂದಿನ ಸಾಲಿಗೆ ಹೋಗಿ ಆಕೆಯ ಪಕ್ಕ ಕೂತ. ಮೂವತ್ತು ವರ್ಷಗಳ ಹಿಂದೆ ಇದೇ ಸಾಲಿನಲ್ಲಿ ಅವನ ತಂದೆ ಕೂತಿದ್ದ, ಲಿಮರಿಕ್ಕಿನ ಅಂಚೆಯವನು, ಮಗನ ಹೆಸರು ಕರೆದಾಗ ಗೊತ್ತಾಗದೆ ಚಪ್ಪಾಳೆ ತಟ್ಟುವುದಕ್ಕೆ ತಡಮಾಡಿದ್ದ. ಎಲ್ಲರ ಚಪ್ಪಾಳೆ ನಿಂತ ಮೇಲೆ ಅವನೊಬ್ಬನದೇ ಎರಡು ಸಲ ಕೇಳಿಸಿತ್ತು. ಆಗ ಟೂಹಿಗೆ ಅವಮಾನವಾಗಿತ್ತು. ತಂದೆಯ ಕಡೆ ನೋಡದೆ ಮೆಟ್ಟಿಲು ಹತ್ತಿದ್ದ.

ಐಟಾ ಅಭಿನಂದನ ಪತ್ರ ಓದತೊಡಗಿದಳು. ಮೊದಲ ನಾಲ್ಕು ಅಧ್ಯಾಯಕ್ಕೆ ನಾಲ್ಕು ಸಾಲು. ಆಮೇಲೆ ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದಿದಳು: "ಕೊನೆಯ ಅಧ್ಯಾಯ ಒಂದೇ ವಾಕ್ಯವನ್ನು ಕುರಿತದ್ದು. ಬೇಲಿ ಮುರಿದದ್ದಕ್ಕೆ ಕರುವಿನ ದೆಸೆಯಿಂದ ಮೂರು ದಿನದ ವಿನಾಯಿತಿ ಇದೆ ಎನ್ನುವ ಈ ವಾಕ್ಯ ನೂರೈವತ್ತು ವರ್ಷದಿಂದ ವಿದ್ವಾಂಸರಿಗೆ ಅರ್ಥವಾಗಿರಲಿಲ್ಲ. ಡರ್ವ್ಲಾ ಮಲ್ವಿಹಿಲ್ ಇದನ್ನು ಬಿಡಿಸಿದ್ದಾರೆ. ಬೇಲಿ ಮುರಿದದ್ದು ಹಸು, ಅದೂ ಹುಲ್ಲಿಗಾಗಿ ಅಲ್ಲ. ಅದರಿಂದ ಕರುವನ್ನು ಅಗಲಿಸಲಾಗಿದೆ. ಕರುವನ್ನು ಹುಡುಕುತ್ತ ಹೋದ ಹಸುವಿನ ಮೇಲೆ ಮೂರು ದಿನ ಯಾರೂ ದೂರು ಕೊಡುವಂತಿಲ್ಲ ಎಂದು ಆ ಕಾಲದ ನ್ಯಾಯ ಹೇಳುತ್ತದೆ. ಮೂರೇ ದಿನ ಏಕೆ ಎಂಬುದಕ್ಕೆ ಲೇಖಕಿ ಆಧಾರ ಕೊಡುವುದು ಯಾವ ಹಸ್ತಪ್ರತಿಯಿಂದಲೂ ಅಲ್ಲ. ಅಡಿಟಿಪ್ಪಣಿಯಲ್ಲಿ ಅವರು ಹೀಗೆ ಬರೆಯುತ್ತಾರೆ: ಈ ಮಾಹಿತಿಯನ್ನು ಕೊಟ್ಟವರು ನನ್ನ ತಾಯಿ ಕನ್ಸೆಪ್ಟಾ ಮಲ್ವಿಹಿಲ್. ಅವರು ಹೇಳುವಂತೆ ಹಸು ಮೊದಲ ದಿನ ಕೂಗುತ್ತದೆ, ಎರಡನೆಯ ದಿನ ಮೇವು ಬಿಡುತ್ತದೆ, ಮೂರನೆಯ ದಿನ ಯಾವ ಬೇಲಿಯೂ ಅದನ್ನು ತಡೆಯುವುದಿಲ್ಲ, ನಾಲ್ಕನೆಯ ದಿನ ಮರೆಯುತ್ತದೆ."

ಟೂಹಿಯ ಕಿವಿಯ ಹಿಂದೆ ಬೆವರು ಒಡೆಯಿತು. ಹುಲ್ಲಿಗೆ ಎಂದಿದ್ದ. ಈ ಹೆಂಗಸಿನ ಎದುರು, ಆ ಕರುವಿನ ಮಾತನ್ನು ಮಗಳಿಗೆ ಹೇಳಿಕೊಟ್ಟವಳ ಎದುರು, ಹುಲ್ಲು ಚೆನ್ನಾಗಿತ್ತು ಎಂದು ಪಾಠ ಹೇಳಿದ್ದ. ಆಕೆ ಪೂರ್ತಿ ಕೇಳಿಸಿಕೊಂಡು ಸೂಪು ಕುಡಿದಿದ್ದಳು, ಬ್ರೆಡ್ಡು ಬಿಡಬೇಡಿ ಎಂದಿದ್ದಳು. ಪಕ್ಕದಲ್ಲಿ ಆಕೆ ಅವನ ಕಡೆಗೆ ಬಾಗಿದಳು. ಆಕೆಯ ಉಸಿರು ಏರಿತ್ತು. "ನನ್ನ ಹೆಸ್ರು ಹಾಕಿದಾಳಾ?" ಎಂದು ಪಿಸುಗುಟ್ಟಿದಳು. "ಒಳಗೆ? ಅಚ್ಚಲ್ಲಿ?" ಅವನು ತಲೆಯಾಡಿಸಿದ. ಮೊದಲೇ ಗೊತ್ತಿದ್ದವನ ಹಾಗೆ ತಲೆಯಾಡಿಸಿದ. ಅದು ಆ ದಿನದ ಎಲ್ಲ ಸುಳ್ಳುಗಳಿಗಿಂತ ಸಣ್ಣದು, ಆದರೆ ಮುಂದೆ ಬಹಳ ಕಾಲ ಅವನು ಮರೆಯಲಾಗದೆ ಹೋದದ್ದು ಆ ತಲೆಯಾಡಿಸಿದ್ದನ್ನೇ.

ಆಕೆ ಮೇಲೆ ಹೋಗಿ ಪದಕ ತೆಗೆದುಕೊಂಡಳು. ಎರಡು ಮಾತಾಡಿ ಎಂದು ಐಟಾ ಕೇಳಿಕೊಂಡಾಗ ಮೈಕಿನ ಹತ್ತಿರ ನಿಂತು, "ಅವ್ಳು ಅದನ್ನೆಲ್ಲ ಯಾಕೆ ಕೇಳ್ತಿದಾಳೆ ಅಂತ ನಂಗೆ ಆವಾಗ ಗೊತ್ತಿರ್ಲಿಲ್ಲ" ಎಂದಳು. "ಬೇಸಿಗೇಲಿ ಮನೆಗೆ ಬಂದಾಗ ಹೊತ್ತು ಹೋಗ್ಲಿ ಅಂತ ಕೇಳ್ತಾಳೆ ಅಂದ್ಕೊಂಡಿದ್ದೆ. ಗೊತ್ತಿದ್ರೆ ಇನ್ನೂ ಸ್ವಲ್ಪ ನೆನಪು ಮಾಡ್ಕೊಂಡು ಹೇಳ್ತಿದ್ದೆ." ಆಮೇಲೆ "ಸರಿ" ಎಂದು ಇಳಿದು ಬಂದಳು. ಯಾರಿಗೂ ಕೂಡಲೇ ಚಪ್ಪಾಳೆ ತಟ್ಟಲಾಗಲಿಲ್ಲ.

ಚಹಾ ಕೂಟದಲ್ಲಿ ಆಕೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಐದು ಗಂಟೆಯ ರೈಲಿಗೆ ಹೊರಡಬೇಕಿತ್ತು. ನಡೆದೇ ಹೋಗೋಣ ಎಂದಳು. ನದಿಯ ದಂಡೆಯ ಮೇಲೆ ಇಬ್ಬರೂ ನಡೆದರು. ಬಿಸಿಲು ಇನ್ನೂ ಎತ್ತರದಲ್ಲಿತ್ತು. ನೀರು ಇಳಿದು ಗೋಡೆಯ ಹಸಿರು ಪಾಚಿ ಕಾಣುತ್ತಿತ್ತು. ಎರಡು ಸೇತುವೆ ದಾಟಿದರು. ಹೇಗೆ ಶುರುಮಾಡಬೇಕೆಂದು ಅವನು ಹತ್ತು ವಾಕ್ಯಗಳನ್ನು ಮನಸ್ಸಿನಲ್ಲಿ ಕಟ್ಟಿ ಕೆಡವಿದ. ಪ್ರತಿಯೊಂದು ವಾಕ್ಯವೂ ತನ್ನನ್ನು ಸ್ವಲ್ಪ ಒಳ್ಳೆಯವನಾಗಿ ತೋರಿಸುತ್ತಿತ್ತು. ಕೊನೆಗೆ ಏನನ್ನೂ ಕಟ್ಟದೆ ಹೇಳಿದ.

"ನಾನು ಓದಿಲ್ಲ, ಮಿಸೆಸ್ ಮಲ್ವಿಹಿಲ್."

"ಗೊತ್ತು."

"ಅವಳು ಫೋನು ಮಾಡಿದಾಗಲೂ ಓದಿರ್ಲಿಲ್ಲ. ಓದಿದೀನಿ ಅಂತ ಹೇಳ್ದೆ."

"ಅದು ಗೊತ್ತಿರ್ಲಿಲ್ಲ." ಆಕೆ ನಿಂತಳು. ಸೇತುವೆಯ ಕಂಬಿಗೆ ಕೈಯೂರಿ ನೀರು ನೋಡಿದಳು. "ಈಗ ಗೊತ್ತಾಯ್ತು. ಅವ್ಳಿಗೆ ಗೊತ್ತಾಗ್ಲಿಲ್ಲ. ಆ ಫೋನು ಮುಗಿದ ಮೇಲೆ ಆ ದಿನ ಊಟ ಮುಟ್ಟದೋಳು ಎರಡು ಮೊಟ್ಟೆ ತಿಂದ್ಲು. ನೀವು ಎರಡು ಮಾತು ಹೇಳ್ತೀನಿ ಅಂದಿದ್ರಂತಲ್ಲ."

"ಹೌದು."

"ಏನು ಹೇಳ್ಬೋದು ಅಂತ ದಿನಾ ಲೆಕ್ಕ ಹಾಕೋಳು. ಒಂದಂತೂ ಆ ಕರೂದೇ ಇರಬೇಕು ಅಂತ. ನಾನು ಕೇಳ್ದೆ, ಯಾಕೆ ಮಗ ಅಷ್ಟು ಕಾಯ್ತೀಯ, ಅವ್ರಲ್ದೆ ಬೇರೆ ಯಾರೂ ಇಲ್ವಾ ಅಂತ. ಅಮ್ಮಾ, ಇದು ಅರ್ಥ ಆಗೋರು ಪ್ರಪಂಚದಲ್ಲಿ ಹನ್ನೆರಡು ಜನ ಇರಬೋದು, ಆ ಹಳೇ ಹಾಳೆ ಬರೆದೋನ ಕೈ ಗುರುತು ಹಿಡಿಯೋರು ಅವ್ರೊಬ್ರೇ ಅಂದ್ಲು."

ಟೂಹಿ ಕಂಬಿಯನ್ನು ಹಿಡಿದುಕೊಂಡ. ಸಮಾಧಾನ ಹೇಳಿಸಿಕೊಳ್ಳುವ ಹಕ್ಕು ತನಗಿಲ್ಲವೆಂದು ಗೊತ್ತಿದ್ದೂ ಮೈಯೆಲ್ಲ ಅದಕ್ಕಾಗಿ ಕಾಯುತ್ತಿತ್ತು. ಆಕೆ ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ.

"ನೀವು ಬೈದ್ರೆ ನಂಗೆ..."

"ನಾನು ಬೈಯೋಕೆ ಬಂದಿಲ್ಲ ಪ್ರೊಫೆಸರ್. ಬೈದ್ರೆ ನಿಮ್ಗೆ ಹಗುರ ಆಗ್ತದೆ." ಆಕೆ ಮತ್ತೆ ನಡೆಯತೊಡಗಿದಳು. "ಒಂದು ಕೇಳ್ಬೇಕಿತ್ತು. ಅದಕ್ಕೇ ಬಂದಿದ್ದು, ಪದಕ ಅಂಚೇಲೂ ಬರ್ತಿತ್ತು. ಕೊನೇ ವಾರ ಅವ್ಳು ನಂಗೆ ಬಾಯಿಪಾಠ ಮಾಡ್ಸಿದ್ಲು, ಅವ್ರು ಸಿಕ್ರೆ ಕೇಳು ಅಂತ. ಆ ವಾಕ್ಯದಲ್ಲಿ ಕರು ಅನ್ನೋ ಪದದ ಮೇಲೆ ಒಂದು ಗೆರೆ ಇದೆಯಂತೆ. ಆ ಗೆರೆ ನೇರ ಇದ್ರೆ ಒಂದು ಕರು, ಬಾಗಿದ್ರೆ ಹಲವು. ಅವ್ಳು ಒಂದು ಅಂತ ಬರ್ದಿದಾಳೆ. ಆದ್ರೆ ಗ್ಯಾರಂಟಿ ಇಲ್ಲ ಅಂದ್ಲು. ಒಂದೋ ಹಲವೋ, ಅಷ್ಟೇ ಕೇಳು ಅಂದ್ಲು."

ಆ ಗೆರೆ. ಯಾವ ಹಸ್ತಪ್ರತಿ, ಯಾವ ಲಿಪಿಕಾರ ಎಂದು ಕೇಳಬೇಕಾಗಿಯೂ ಇರಲಿಲ್ಲ. ಆ ಲಿಪಿಕಾರನ ಕೈಬರಹದ ಮೇಲೆಯೇ ಅವನು ತನ್ನ ಯೌವನದ ನಾಲ್ಕು ವರ್ಷ ಕಳೆದಿದ್ದ. ಚಳಿಗೆ ಬೆರಳು ಸೆಟೆದಾಗ ಆ ಮನುಷ್ಯ ಹೇಗೆ ಗೆರೆ ಎಳೆಯುತ್ತಿದ್ದ, ಹೊಸ ಗರಿಯ ಲೇಖನಿ ಹಿಡಿದಾಗ ಹೇಗೆ ಎಳೆಯುತ್ತಿದ್ದ ಎಂಬುದು ಅವನಿಗೆ ತನ್ನ ತಂದೆಯ ಸಹಿಗಿಂತ ಚೆನ್ನಾಗಿ ಗೊತ್ತಿತ್ತು. ಒಂದು ಎಂದುಬಿಡಬಹುದು. ಒಂದೇ ಕರು, ಅವಳು ಬರೆದದ್ದೇ ಸರಿ. ಈ ಹೆಂಗಸು ಹೋಗಿ ಮಾರ್ಟಿನಲ್ಲಿ ಆಲೂಗಡ್ಡೆ ಸುಲಿಯುತ್ತ ಉಳಿದ ದಿನಗಳನ್ನು ಕಳೆಯುತ್ತಾಳೆ.

"ನಂಗೆ ಗೊತ್ತಿಲ್ಲ" ಎಂದ. "ನೋಡಬೇಕು. ಓದಬೇಕು, ಆಮೇಲೆ ಹಾಳೆ ನೋಡಬೇಕು."

ಆಕೆ ಅವನ ಮುಖ ನೋಡಿದಳು. ಬೆಳಗಿನಿಂದ ಮೊದಲ ಸಲ ನೋಡಿದ ಹಾಗಿತ್ತು. "ಹಂಗಾದ್ರೆ ನೋಡಿ. ಶನಿವಾರ ಬೆಳಿಗ್ಗೆ ಮಾರ್ಟಿಗೆ ಫೋನು ಮಾಡಿ. ಭಾನುವಾರ ನಾನು ಅವ್ಳ ಸಮಾಧಿ ಹತ್ರ ಹೋಗ್ತೀನಿ."

ಅವನು ಆ ರೈಲು ಹೊರಟ ಮೇಲೆ ಮನೆಗೆ ಹೋಗಿ ಐವತ್ತೆಂಟು ಪುಟಗಳನ್ನು ಓದಲು ಕೂತ. ಆ ವಾರದ ಮೂರು ದಿನ ಪಾಠಗಳನ್ನು ಬಿಟ್ಟರೆ ಬೇರೆ ಏನೂ ಮಾಡಲಿಲ್ಲ. ಹೊಗಳಿದ್ದೆಲ್ಲ ನಿಜವಾಗಿತ್ತು. ಅವಳ ವಾಕ್ಯಗಳು ಮುಂಚಿನ ಹಾಗೆ ಹೆಜ್ಜೆಯಿಟ್ಟು ಬರುತ್ತಿರಲಿಲ್ಲ, ಹೊತ್ತಿಲ್ಲದವಳ ಹಾಗೆ ಓಡುತ್ತಿದ್ದವು. ಆದರೂ ಎಲ್ಲೂ ಎಡವಿರಲಿಲ್ಲ. ಹಸು ಕೂಗುವ ಆ ಪುಟವನ್ನು ಓದುವಾಗ ಅವನು ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ನಿಂತ. ನಾಚಿಕೆಯೆಂದರೆ, ಅಲ್ಲೂ ಅವನಿಗೆ ಒಂದು ಕ್ಷಣ ಅಸೂಯೆಯಾಯಿತು. ಸತ್ತವಳ ಮೇಲೆ. ಶುಕ್ರವಾರ ಹಸ್ತಪ್ರತಿ ಭಂಡಾರಕ್ಕೆ ಹೋಗಿ ಮೂಲ ಹಾಳೆ ತರಿಸಿಕೊಂಡ. ಅಚ್ಚಾದ ಪಠ್ಯವನ್ನು ನಂಬಿ ಕೂತರೆ ಒಂದು ಎಂದೇ ಓದಬೇಕು, ತೀರ್ಪುಗಾರರೂ ಹಾಗೆಯೇ ಓದಿದ್ದರು. ಕಂದು ತೊಗಲಿನ ಮೇಲೆ ಕರು ಎಂಬ ಪದ, ಅದರ ಮೇಲೆ ಒಂದು ಗೆರೆ, ಗೆರೆಯ ಬಲತುದಿಯಲ್ಲಿ ಉಗುರಿನ ಅಂಚಿನಷ್ಟು ಬಾಗು. ಭೂತಗನ್ನಡಿಯೂ ಬೇಕಾಗಲಿಲ್ಲ. ಆ ಲಿಪಿಕಾರ ಹಲವು ಎಂದು ಹೇಳಬೇಕಾದಾಗಲೆಲ್ಲ ಅಲ್ಲಿ ಲೇಖನಿಯನ್ನು ಹಾಗೆ ತಿರುವುತ್ತಿದ್ದ. ಹಲವು ಕರುಗಳು. ಅಂದರೆ ಆ ವಾಕ್ಯ ಕರು ಕಳೆದುಕೊಂಡ ಹಸುವಿನದಲ್ಲ. ಊರ ಗೋಮಾಳದಲ್ಲಿ ಒಟ್ಟಾಗಿ ಬಿಟ್ಟ ಕರುಗಳು ಬೇಲಿ ನುಸುಳಿದರೆ ಮೂರು ದಿನ ಕ್ಷಮೆ ಎಂಬ ಒಣ ಕಟ್ಟಳೆ. ತಾಯಿಹಸು ಅಲ್ಲಿ ಇರಲೇ ಇಲ್ಲ. ಅವನು ಗಡಿಯಾರ ನೋಡಿದ. ಹಾಳೆ ಮೇಜಿಗೆ ಬಂದು ನಾಲ್ಕು ನಿಮಿಷವಾಗಿತ್ತು.

ಆ ಸಂಜೆಯೆಲ್ಲ ಅವನು ಊರಲ್ಲಿ ತಿರುಗಿದ. ಅಕ್ಟೋಬರಿನಲ್ಲೇ ಹೇಳಿದ್ದರೆ ಅವಳು ಒಂದು ದಿನ ಮುಖ ಸಣ್ಣದು ಮಾಡಿಕೊಂಡು ಮರುದಿನ ಎದ್ದು ಬೇರೆ ದಾರಿ ಹುಡುಕುತ್ತಿದ್ದಳು. ಅವಳು ಹಾಗೆಯೇ, ಮೂರನೆಯ ಅಧ್ಯಾಯವನ್ನು ಎರಡು ಸಲ ಬುಡದಿಂದ ಕಿತ್ತು ಬರೆದವಳು. ಬಹುಶಃ ಈ ಅಧ್ಯಾಯದಷ್ಟು ಚಂದ ಇರುತ್ತಿರಲಿಲ್ಲ, ಪದಕವೂ ಬರುತ್ತಿರಲಿಲ್ಲ. ಆದರೆ ಅದು ಸರಿಯಾಗಿರುತ್ತಿತ್ತು. ಈಗ ಅವಳು ಹನ್ನೆರಡು ಜನರ ನಡುವೆ ಒಂದು ತಪ್ಪಿನಿಂದಾಗಿ ನೆನಪಿನಲ್ಲಿ ಉಳಿಯುತ್ತಾಳೆ. ಆ ತಪ್ಪಿನ ಜೊತೆಯಲ್ಲಿ ಅವಳ ತಾಯಿಯ ಹೆಸರೂ ಇದೆ. ಇದೇ ಮಾತನ್ನು ಆ ತಾಯಿಗೆ ಹೇಗೆ ಹೇಳುವುದು. ಹೇಳದಿದ್ದರೆ ಇನ್ನೊಮ್ಮೆ ಓದದೇ ಬಿಟ್ಟ ಹಾಗೆಯೇ.

ಶನಿವಾರ ಹತ್ತು ಗಂಟೆಗೆ ಫೋನು ಮಾಡಿದ. ಮಾರ್ಟಿನ ಅಡುಗೆಮನೆಯಲ್ಲಿ ಯಾರೋ ಎತ್ತಿಕೊಂಡು "ಕನ್ಸೆಪ್ಟಾ, ನಿನಗೆ ಡಬ್ಲಿನ್ನಿಂದ" ಎಂದು ಕೂಗಿದರು. ದೂರದಲ್ಲಿ ಹರಾಜು ಕೂಗುವವನ ದನಿ, ಕಬ್ಬಿಣದ ಗೇಟು ಬಡಿದ ಸದ್ದು, ದನಗಳ ಸದ್ದು.

"ನೋಡಿದ್ರಾ?" ಎಂದಳು ಆಕೆ.

"ನೋಡ್ದೆ. ಪೂರ್ತಿ ಓದ್ದೆ, ಹಾಳೇನೂ ನೋಡ್ದೆ." ಅವನು ಒಂದು ಸಲ ಉಸಿರೆಳೆದುಕೊಂಡ. "ಹಲವು."

ಆ ಕಡೆ ಪಾತ್ರೆಯೊಂದನ್ನು ಯಾರೋ ಎಳೆದರು.

"ಅಂದ್ರೆ ಅವ್ಳು ಬರ್ದಿದ್ದು ತಪ್ಪು."

"ಆ ಒಂದು ಕಡೆ, ಹೌದು. ಆದ್ರೆ ಅದು ತುಂಬಾ ದೊಡ್ಡ..."

"ಬೇಡ" ಎಂದಳು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಚೆನ್ನಾಗಿದೆ ಅಂತ ಎಲ್ರೂ ಹೇಳಿದಾರೆ. ಹೇಳಿ, ನೀವು ಆವಾಗ್ಲೇ ಓದಿದ್ರೆ ಇದು ಕಾಣ್ತಿತ್ತಾ?"

"ನಾಲ್ಕು ನಿಮಿಷದಲ್ಲಿ."

"ನಾಲ್ಕು ನಿಮಿಷ" ಎಂದಳು ಆಕೆ. ಆಮೇಲೆ ಮತ್ತೆ ದನಗಳ ಸದ್ದು. ಅವನು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.

"ಆ ಗೆರೆ ಯಾವ ಕಡೆ ಬಾಗಿದೆ?" ಎಂದು ಆಕೆ ಕೇಳಿದಳು. "ಅವ್ಳು ಅದನ್ನೂ ಕೇಳ್ತಾಳೆ."

"ಬಲಗಡೆ. ತುದೀಲಿ. ಸ್ವಲ್ಪವೇ."

"ಬಲಗಡೆ, ತುದೀಲಿ, ಸ್ವಲ್ಪವೇ" ಎಂದು ಆಕೆ ಬಾಯಿಪಾಠ ಮಾಡುವವಳ ಹಾಗೆ ಎರಡು ಸಲ ಹೇಳಿಕೊಂಡಳು. "ಸರಿ. ನಾಳೆ ಹೇಳ್ತೀನಿ."